ಹಲ್ಲಿನ ಡಾಕ್ಟರ್ ಗುಮ್ಮ ಅಲ್ಲ

ಮೊನ್ನೆ ಶುಕ್ರವಾರ ಅರಿಷಿಣ-ಕುಂಕುಮಕ್ಕ ಹೋದಾಗ ಒಂದು ಮಾತು ತಗದು ಪೇಚಿಗೆ ಬಿದ್ದೆ ನೋಡ್ರಿ. ನನ್ನ ತಂಗಿ ಮಗಳದ್ದು ದವಡಿ ಹಲ್ಲು ಹುಳುಕಾಗಿತ್ತು. ಡಾಕ್ಟರು ಆಕಿ ಕಣ್ಣಿಗೆ ವಿಆರ್ ಡಬ್ಬಿ ಕಟ್ಟಿ, ಅದರೊಳಗ ಆಟಾ ಹಚ್ಚಿಕೊಟ್ಟು, ಹಲ್ಲು ಸ್ವಚ್ಛ ಮಾಡಿ ಸಿಮೆಂಟ್ ತುಂಬಿದ್ರು ಅಂತ ಹೇಳಿದೆ. ಹೇಳಿದ್ದೇ ತಪ್ಪಾತು.

"ಅಯ್ಯ, ಮನ್ಯಾಗಿನ ಮೊಬೈಲ್ ಚಟಾ ಸಾಲದಂತ ದವಾಖಾನಿಯೊಳಗೂ ಗೇಮ್ ಏನವಾ? ನಮ್ಮ ಕಾಲಕ್ಕ ನಾಕು ಮಂದಿ ಕೈಕಾಲು ಹಿಡಕೊಂಡ್ರ ಆತು, ಹಲ್ಲು ಹೊರಗ" ಅಂದ್ರು ಕಾಕು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಮಾತ್ರ ಸುಮ್ಮನಿರಲಿಕ್ಕೆ ಆಗವಲ್ತು.

ಕಾಕು, ಹಲ್ಲು ಹೊರಗ ಬಂತು, ಖರೆ. ಅಂಜಿಕಿ ಒಳಗ ಉಳೀತು. ಎಂಟು ವರ್ಷದಾಕಿ ಇದ್ದಾಗ ನನ್ನನ್ನೂ ಹಂಗೇ ಒತ್ತಿ ಹಿಡದಿದ್ರು. ಅವತ್ತಿನಿಂದ 30 ವರ್ಷ ನಾ ಹಲ್ಲಿನ ಡಾಕ್ಟರ್ ಬಾಗಿಲಾ ತುಳೀಲಿಲ್ಲ. ಬ್ಯಾನಿ ಬಂದಾಗೆಲ್ಲಾ ಲವಂಗ ಒತ್ತಿಕೊಂಡು ಕೂತೆ. ಮೂರು ದವಡಿ ಹಲ್ಲು ಹೋದವು. ಇವತ್ತಿಗೂ ಚಕ್ಕಲಿ ಒಂದೇ ಬಾಜೂ ಅಗೀತೀನಿ. ಆ "ಹಿಡಕೊಂಡ್ರ ಆತು" ಅನ್ನೂದರ ಖರ್ಚು ಇದು.

ಈ ಡಬ್ಬಿ ಚೈನಿ ಅಲ್ಲ. ಹೋಳಿಗಿ ಮಾಡೂ ಗದ್ದಲದಾಗ ಕೈಗೆ ಹಂಚು ತಾಗಿದ್ದು ಎಲ್ಲಾರ ಊಟಾ ಆದ ಮ್ಯಾಲೆ ಉರೀತದ ಹೌದಿಲ್ಲೋ? ಮನಸ್ಸು ಬ್ಯಾರೆ ಕಡೆ ಇದ್ರ ಬ್ಯಾನಿ ಅಷ್ಟು ಹತ್ತಂಗಿಲ್ಲ. ಇದೂ ಅದೇ. ಅಮೆರಿಕಾದ ಸಿಯಾಟಲ್‌ನಾಗ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಅನ್ನವರು ಸುಟ್ಟ ಗಾಯದ ರೋಗಿಗಳ ಸಲುವಾಗಿ 'ಸ್ನೋವರ್ಲ್ಡ್' ಅನ್ನೂ ಆಟಾ ಮಾಡಿದ್ರು. ಗಾಯ ತೊಳಿಯೂ ಹೊತ್ತಿನಾಗ ರೋಗಿ ಹಿಮದ ಕಣಿವಿಯೊಳಗ ತೇಲಿಕೋತ ಹಿಮದ ಉಂಡಿ ಒಗೀತಿರತಾನ. ಬ್ಯಾನಿ ಕಡಿಮಿ ಅನಸ್ತು ಅಂದ್ರು ಅವರು. 2004ರಾಗ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ್ರ, ಬ್ಯಾನಿಗೆ ಸಂಬಂಧಪಟ್ಟ ಭಾಗದ ಚಟುವಟಿಕೆನೂ ಇಳದಿತ್ತು. ಬರೇ ಬಾಯಿಮಾತಲ್ಲ ಇದು. 2001ರಾಗೇ ಹಲ್ಲಿನ ಕುರ್ಚಿ ಮ್ಯಾಲೆ ಇಬ್ಬರಿಗೆ ಹಚ್ಚಿ ನೋಡಿದ್ರು. ಈಗ ನಮ್ಮ ದೇಶದ ಡೆಂಟಲ್ ಕಾಲೇಜಿನವರೂ ಮಕ್ಕಳಿಗೆ ಹಚ್ಚಿ ಪರೀಕ್ಷಾ ಮಾಡ್ಯಾರ.

ಹಂಗಂತ ಇದು ಮಂತ್ರದ ಡಬ್ಬಿನೂ ಅಲ್ಲ. ಹಲ್ಲು ಕೀಳಬೇಕಾದ್ರ ಜೋಮು ಹಿಡಿಸೂ ಇಂಜೆಕ್ಷನ್ ಬೇಕೇ ಬೇಕು. "ಗೇಮ್ ಅದ, ಸೂಜಿ ಬ್ಯಾಡ" ಅನ್ನೋ ಡಾಕ್ಟರ್ ಕಡೆ ಹೋಗಬ್ಯಾಡ್ರಿ. ಸಣ್ಣ ಕೂಸಿನ ಮುಖಕ್ಕ ಡಬ್ಬಿ ದೊಡ್ಡದಾಗತದ. ಕೆಲವರಿಗೆ ತಲಿ ತಿರಗತದ, ವಾಕರಿಕಿ ಬರತದ. ಫಿಟ್ಸ್ ಬರೂ ಮಕ್ಕಳಿದ್ರ ಮೊದಲೇ ಹೇಳ್ರಿ. ಕಣ್ಣು ಮುಚ್ಚಿರತದಂತ, ಬ್ಯಾನಿ ಆದ್ರ ಕೈ ಎತ್ತು, ನಿಲ್ಲಸ್ತಾರ ಅಂತ ಕೂಸಿಗೆ ಮದಲೇ ಕಲಸ್ರಿ. ಕೈ ಎತ್ತಿದಾಗ ಡಾಕ್ಟರು ಖರೇನೇ ನಿಲ್ಲಸಬೇಕು ಮತ್ತ.

ಡಬ್ಬಿ ಇಲ್ಲದ ಊರಿನವರು ಏನು ಮಾಡಬೇಕು? ಅಲ್ಲೇ ನನ್ನ ಸಿಟ್ಟು ಇರೂದು. ಮದಲು ಹೇಳೂದು, ಆಮ್ಯಾಲೆ ತೋರಸೂದು, ಆಮ್ಯಾಲೆ ಮಾಡೂದು. ಮಕ್ಕಳ ಹಲ್ಲಿನ ಡಾಕ್ಟರುಗಳ ಹಳೇ ಪದ್ಧತಿ ಇದು, ಒಂದು ರೂಪಾಯಿ ಖರ್ಚಿಲ್ಲ. ಅದನ್ನ ಕೆಡಸವರು ನಾವು! "ಊಟಾ ಮಾಡಲಿಲ್ಲಂದ್ರ ಡಾಕ್ಟರ್ ಕಡೆ ಸೂಜಿ ಹಾಕಸ್ತೀನಿ" ಅಂತ ವರ್ಷಗಟ್ಟಲೆ ಗುಮ್ಮನ್ನ ಮಾಡಿಡತೀವಿ. ಕುರ್ಚಿ ಮ್ಯಾಲೆ ಕೂಡಿಸೂ ಹೊತ್ತಿಗೆ "ಏನೂ ಮಾಡಂಗಿಲ್ಲ, ಬರೇ ನೋಡತಾರ" ಅಂತ ಸುಳ್ಳು ಹೇಳತೀವಿ. ಕೂಸು ಒಮ್ಮೆ ಮೋಸ ಹೋದ್ರ ಎರಡನೇ ಸಲ ಬಾಯಿ ತಗೀತದೇನು? ಮ್ಯಾಲೆ "ಹಾಲಹಲ್ಲು, ಹೆಂಗಿದ್ರೂ ಬೀಳತಾವ" ಅನ್ನೂದು ಬ್ಯಾರೆ. ಹಾಲಿನ ದವಡಿ ಹಲ್ಲು ಬೀಳೂದು ಹತ್ತು-ಹನ್ನೆರಡು ವರ್ಷಕ್ಕ. ಅಲ್ಲೀತನಕ ಕೂಸು ಬ್ಯಾನಿ ತಿನಬೇಕೇನು?

ನಮ್ಮ ಹುಡುಗಿ ಡಬ್ಬಿ ತಗದ ಮ್ಯಾಲೆ ಕೇಳಿದ್ದು ಒಂದೇ: "ಮತ್ತ ಯಾವಾಗ ಬರೋಣು?" ಆ ಕುರ್ಚಿ ಮ್ಯಾಲಿಂದ ಎದ್ದು ಈ ಮಾತು ನಮ್ಮ ಮನ್ಯಾಗ ಯಾರೂ ಅಂದಿದ್ದಿಲ್ಲ.

ಕಾಕು, ಸಿಟ್ಟಾಗಬ್ಯಾಡ್ರಿ. ಮುಂದಿನ ಸಲ ಮಮ್ಮಗನ್ನ ಕರಕೊಂಡು ಹೋಗೂಮುಂದ ನಾಕು ಮಂದಿ ಬ್ಯಾಡ. ನನ್ನ ಒಬ್ಬಾಕಿನ್ನ ಕರೀರಿ.