ಬ್ಲಾಕ್ ತೆಗೆದದ್ದು ಯಾರು? ಮೊದ್ಲ ಫೈಲ್ ನೋಡ್ರಿ, ಆಮೇಲೆ ಬೈರಿ

(1/4)
ಫೋಟೋದಾಗಿರೋ ಈ ಹಳೇ ಲ್ಯಾಪ್‌ಟಾಪ್ ಸಲುವಾಗಿ ನಮ್ಮ ಮನ್ಯಾಗ ಎಂಟು ದಿನ ಜಗಳ ಆತು. ತಪ್ಪು ನಂದು. ಅದಕ್ಕ ಬರೀಲಿಕ್ಕತ್ತೀನಿ.

ಸೆಮಿಸ್ಟರ್ ಪರೀಕ್ಷೆ ಹತ್ರ ಬಂತು ಅಂತ ಇನ್‌ಸ್ಟಾ, ಯೂಟ್ಯೂಬ್ ಎರಡನ್ನೂ ಅದರಾಗ ನಾನೇ ಬ್ಲಾಕ್ ಮಾಡಿದ್ದೆ. ಒಂದು ಸೋಮವಾರ ನೋಡಿದ್ರ ಎರಡೂ ಆರಾಮಾಗಿ ತೆರೀತಾವು! ಉಲ್ಟಾ, ಆಂಟಿವೈರಸ್ ಸೈಟ್ ಒಂದು ತೆರೀವಲ್ದು. ನಾನು ಒಂದು ನಿಮಿಷನೂ ವಿಚಾರ ಮಾಡ್ಲಿಲ್ಲ. ಸೀದಾ ತಮ್ಮನ ಮ್ಯಾಲೆ ಹೋದೆ. "ಅಕ್ಕಾ, ನಾ ಮುಟ್ಟೇ ಇಲ್ಲ" ಅಂದ. ನಂಬಲಿಲ್ಲ. ಲ್ಯಾಪ್‌ಟಾಪ್ ಅವ್ವನ ಟ್ರೆಜರಿಗೆ ಹೋಗಿ ಕೀಲಿ ಬಿತ್ತು. ಅವನು ಎಸ್‌ಎಸ್‌ಎಲ್‌ಸಿ. ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಅದರಾಗೇ ಇದ್ದವು.

(2/4)
ಎಂಟನೇ ದಿನ ಮತ್ತ ಬ್ಲಾಕ್ ಹಾಕಾಕ ಕುಂತೆ. ವಿಂಡೋಸ್‌ನಲ್ಲಿ ಹೋಸ್ಟ್ಸ್ ಅಂತ ಒಂದು ಸಣ್ಣ ಫೈಲ್ ಐತಿ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ, ಈ ದಾರೀಲೆ ಹೋದ್ರ ಸಿಗ್ತದ. ಸೈಟಿನ ಹೆಸರಿನ ಮುಂದ 127.0.0.1 ಅಂತ ಬರೆದ್ರ, ಕಂಪ್ಯೂಟರ್ ಆ ಸೈಟನ್ನ ಹೊರಗ ಹುಡುಕೋದು ಬಿಟ್ಟು ತನ್ನ ಮನಿ ಬಾಗಿಲನ್ನೇ ಬಡೀತದ. ಸೈಟ್ ತೆರೆಯೋದಿಲ್ಲ. ಅಷ್ಟೇ ಅದರ ಗುಟ್ಟು.

ತೆಗೆದು ನೋಡಿದ್ರ ನಾ ಬರೆದ ಸಾಲು ಒಂದೂ ಇಲ್ಲ. ಅದರ ಜಾಗದಾಗ ನಾ ಕೇಳದ ಹತ್ತಾರು ಸೈಟಿನ ಹೆಸರು. ಫೈಲ್ ಬದಲಾದ ಟೈಮ್ ನೋಡಿದೆ: ಶನಿವಾರ ರಾತ್ರಿ ಹನ್ನೊಂದೂವರಿ. ಆ ದಿನ ತಮ್ಮ ಮುಂಡರಗಿಯೊಳಗ ಅಜ್ಜಿ ಮನ್ಯಾಗಿದ್ದ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಅದೇ ರಾತ್ರಿ, ಅದೇ ಹೊತ್ತಿಗೆ ಬಂದ ಒಂದು ಫೈಲ್ ಇತ್ತು. ಪ್ರಾಕ್ಟಿಕಲ್‌ಗೆ ಬೇಕಂತ ನಾನೇ ಇಳಿಸಿದ್ದ ಅಕೌಂಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್. "ಈ ಆ್ಯಪ್ ಬದಲಾವಣೆ ಮಾಡಬಹುದಾ?" ಅಂತ ವಿಂಡೋಸ್ ಕೇಳಿತ್ತು. ಯೆಸ್ ಒತ್ತಿದ್ದು ನಾನು.

ಕ್ರ್ಯಾಕ್‌ಗಳ ಹಳೇ ಚಾಳಿ ಇದು. ಲೈಸೆನ್ಸ್ ಪರೀಕ್ಷೆ ಮಾಡೋ ಸರ್ವರ್ ಸಿಗಬಾರದು ಅಂತ ಹೋಸ್ಟ್ಸ್ ಫೈಲ್ ತಿದ್ದತಾವು. ಕೆಲವು ಆಂಟಿವೈರಸ್ ಸೈಟನ್ನೂ ಮುಚ್ಚತಾವು, ಸಿಕ್ಕಿಬೀಳಬಾರದಲ್ಲ.

(3/4)
ನಿಮಗೂ ಹಿಂಗಾದ್ರ ಈ ಕ್ರಮದಾಗ ನೋಡ್ರಿ. ಸೇವ್ ಮಾಡಿಟ್ಕೊಳ್ರಿ.

👉 ಹೋಸ್ಟ್ಸ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆಗೀರಿ. ಹೊಸ ವಿಂಡೋಸ್‌ನಲ್ಲಿ ಮೊದಲಿನಿಂದ ಇರೋ ಸಾಲೆಲ್ಲ # ಚಿಹ್ನೆಯಿಂದ ಶುರು ಆಗ್ತಾವು, ಅವು ಬರೇ ಟಿಪ್ಪಣಿ. # ಇಲ್ಲದ ಸಾಲು ಯಾರೋ ಹಾಕಿದ್ದು.
👉 ವಿಂಡೋಸ್ ಡಿಫೆಂಡರ್ ಹಿಸ್ಟರಿ ನೋಡ್ರಿ. ಮೈಕ್ರೋಸಾಫ್ಟ್‌ನ ಸರ್ವರ್‌ಗಳನ್ನ ಬ್ಲಾಕ್ ಮಾಡಿದ ಹೋಸ್ಟ್ಸ್ ಫೈಲನ್ನ 2020ರಿಂದ ಅದು ಅಪಾಯ ಅಂತ ಹಿಡೀತದ. ಸರಿ ಮಾಡು ಅಂದ್ರ ಫೈಲನ್ನ ಮೊದಲಿನ ಸ್ಥಿತಿಗೆ ತರ್ತದ, ನೀವು ಬರೆದ ಸಾಲೂ ಹೋಗ್ತಾವು.
👉 ರೂಟರಿನ ಡಿಎನ್‌ಎಸ್‌ನಿಂದ ಬ್ಲಾಕ್ ಮಾಡಿದ್ರ, ಬ್ರೌಸರಿನ ಸೆಕ್ಯೂರ್ ಡಿಎನ್‌ಎಸ್ ಅಥವಾ ವಿಪಿಎನ್ ಅದನ್ನ ದಾಟಿ ಹೋಗಬಹುದು. ಅಪ್‌ಡೇಟ್ ಆದ ಮ್ಯಾಲೆ ಆ ಸೆಟ್ಟಿಂಗ್ ಒಮ್ಮೆ ನೋಡ್ರಿ.
👉 ಗೊತ್ತಿಲ್ಲದ ಎಕ್ಸ್‌ಟೆನ್ಶನ್, ಪ್ರಾಕ್ಸಿ ಅದಾವೇನು ನೋಡ್ರಿ.

ಕ್ರ್ಯಾಕ್ ಇದ್ರ ಬರೇ ಸಾಲು ಅಳಿಸಿದ್ರ ಸಾಲದು, ಅದು ಮತ್ತ ಬರೀತದ. ಮೊದ್ಲ ಅದನ್ನ ತೆಗೀರಿ, ಫುಲ್ ಸ್ಕ್ಯಾನ್ ಮಾಡ್ರಿ, ಆಮೇಲೆ ಫೈಲ್ ಸರಿ ಮಾಡ್ರಿ.

(4/4)
ಈಗ ನನ್ನ ಮಾತು. ನಾವು ಬಿಕಾಂನವರು. ವೋಚರ್ ಇಲ್ಲದ ಎಂಟ್ರಿ ಒಪ್ಪಬಾರದು ಅಂತ ಕಲೀತೀವಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಾಗ ಎಡಿಟ್ ಲಾಗ್ ಇರಲೇಬೇಕು, ಅದನ್ನ ಆಫ್ ಮಾಡಾಕ ಬರಬಾರದು ಅಂತ ಕಾನೂನು. ಯಾವ ಎಂಟ್ರಿ ಯಾವಾಗ ತಿದ್ದಿದ್ರು ಅನ್ನೋದು ಉಳೀಬೇಕು. ನಮ್ಮೂರ ಬ್ರಹ್ಮ ಜಿನಾಲಯದ 1007ರ ಶಾಸನ ನೋಡ್ರಿ, ಗುಡಿ ಕಟ್ಟಿಸಿದಾಕಿ ಅತ್ತಿಮಬ್ಬೆ ಅಂತ ಇವತ್ತಿಗೂ ಕಲ್ಲು ಹೇಳ್ತದ. ಸಾವಿರ ವರ್ಷದ ದಾಖಲೆ ಓದೋ ಊರಾಗ ಹುಟ್ಟಿ, ನಾನು ಎಂಟು ದಿನದ ಹಿಂದಿನ ಫೈಲಿನ ತಾರೀಖು ನೋಡದ ತಮ್ಮನ್ನ ಕಳ್ಳ ಮಾಡಿದೆ.

"ಹುಡುಗ್ರು ಖರೇನ ಬಿಚ್ಚತಾರಲ್ಲ?" ಅಂತೀರಿ. ಬಿಚ್ಚಬಹುದು. ಅದಕ್ಕ ಒಬ್ಬೊಬ್ಬರಿಗೆ ಬ್ಯಾರೆ ಅಕೌಂಟ್ ಮಾಡ್ರಿ, ಅಡ್ಮಿನ್ ಒಂದೇ ಇರಲಿ. ಆಗ ಪಾಸ್‌ವರ್ಡ್ ಇಲ್ಲದ ಹೋಸ್ಟ್ಸ್ ಫೈಲ್ ತಿದ್ದಾಕ ಬರೂದಿಲ್ಲ, ಸಂಶಯ ಪಡೋ ಪ್ರಸಂಗನೂ ಬರೂದಿಲ್ಲ. ಆದ್ರ ಅಡ್ಮಿನ್ ಕೈಯಾಗ ಇದ್ದವರು ಮೊದ್ಲ ತಮ್ಮ ಕೈ ನೋಡ್ಕೋಬೇಕು. ಎಲ್ಲಾ ಕೀಲಿ ನಮ್ಮ ಹತ್ರ, ಬೈಗುಳ ಸಣ್ಣವರಿಗೆ, ಇದು ಯಾವ ನ್ಯಾಯ?

ತಮ್ಮಗ ಸಾರಿ ಕೇಳೀನಿ. "ಆತು ಬಿಡಕ್ಕಾ, ಎಂಟು ದಿನ ಹೋದ್ವಲ್ಲ" ಅಂದ. ಅವನ್ನ ವಾಪಸ್ ಕೊಡಾಕ ಯಾವ ಸೆಟ್ಟಿಂಗೂ ಇಲ್ಲ. ಈಗ ದಿನಾ ಸಂಜೀಕ ಗದಗ ಬಸ್ ಇಳಿದು ಬಂದು ಅವನ ಜೋಡಿ ಗಣಿತಕ್ಕ ಕುಂಡ್ರತೀನಿ.

ನಿಮ್ಮ ಮನ್ಯಾಗ ಇಂಥಾದ್ದು ಆಗೇತೇನು? ಕಾಮೆಂಟ್‌ನಾಗ ಹೇಳ್ರಿ.

#ಲಕ್ಕುಂಡಿ #ಬಿಕಾಂ_ಬದುಕು #ಮೊದ್ಲ_ಫೈಲ್_ನೋಡ್ರಿ