ಬೆನ್ನಿಗೆ ‘ಕರೆಂಟ್’ ಇಡಿಸಿದರೆ ನೋವು ಹೋಗುತ್ತದೆಯೇ? ಫಿಸಿಯೋಥೆರಪಿಸ್ಟರೇ ಹುಡುಕಿದ ಉತ್ತರ

‘ಹತ್ತು ದಿನ ಕರೆಂಟ್ ಇಡಿಸಿದೆ, ಬೆನ್ನುನೋವು ಮಾಯ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬರೆದವರು ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ, ಅವರ ನೋವು ನಿಜವಾಗಿಯೂ ಇಳಿದಿರಬಹುದು. ಆದರೆ ಅದನ್ನು ಇಳಿಸಿದ್ದು ಯಂತ್ರವೇ?

ನಮ್ಮಲ್ಲಿ ‘ಕರೆಂಟ್’ ಎಂಬ ಒಂದೇ ಮಾತಿನಲ್ಲಿ ಹಲವು ಯಂತ್ರಗಳು ಸೇರಿಕೊಂಡಿವೆ. ಚರ್ಮಕ್ಕೆ ಪ್ಯಾಡ್ ಅಂಟಿಸಿ ಜುಮ್ಮೆನ್ನಿಸುವ ಟೆನ್ಸ್, ಐಎಫ್‌ಟಿ ಒಂದು ಬಗೆ. ಜೆಲ್ ಹಚ್ಚಿ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಇನ್ನೊಂದು. ಇದರಲ್ಲಿ ಮೈಯೊಳಗೆ ಹೋಗುವುದು ವಿದ್ಯುತ್ ಅಲ್ಲವೇ ಅಲ್ಲ, ಕಿವಿಗೆ ಕೇಳಿಸದ ಶಬ್ದದ ಅಲೆ.

ಹೊಸದಾಗಿ ಶುರುವಾದ ಬೆನ್ನುನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ನಾವು ಕ್ಲಿನಿಕ್‌ಗೆ ಓಡುವುದು ನೋವು ತಡೆಯಲಾಗದ ದಿನ. ಅಲ್ಲಿಂದ ಮುಂದೆ ಅದು ಇಳಿಯುವ ಸಾಧ್ಯತೆಯೇ ಹೆಚ್ಚು. ಆ ಹತ್ತು ದಿನ ಏನು ಮಾಡಿದ್ದರೂ ಅದಕ್ಕೇ ಹೆಸರು ಬರುತ್ತಿತ್ತು! ಇನ್ನು, ಒಬ್ಬರು ಕಾಳಜಿಯಿಂದ ಮಾತಾಡಿಸಿ ‘ಸರಿಹೋಗುತ್ತೆ’ ಎಂದರೆ ಅದರಿಂದಲೂ ನೋವು ತುಸು ಹಗುರಾಗುತ್ತದೆ.

ಇದೆಲ್ಲವನ್ನೂ ಕಳೆದರೆ ಯಂತ್ರದ ಪಾಲು ಎಷ್ಟು ಉಳಿಯುತ್ತದೆ? ತಿಳಿಯಲು ದಾರಿಯಿದೆ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಅಲ್ಟ್ರಾಸೌಂಡ್, ಇನ್ನೊಂದಕ್ಕೆ ಅಲೆಯನ್ನೇ ಹೊರಡಿಸದ ಯಂತ್ರ. ಜೆಲ್ ಅದೇ, ಆಡಿಸುವ ರೀತಿಯೂ ಅದೇ. ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೆ ಗೊತ್ತಿರುವುದಿಲ್ಲ.

2001ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ ಎಂಬ ಸಂಶೋಧಕರು 1975ರಿಂದ 1999ರವರೆಗೆ ಪ್ರಕಟವಾಗಿದ್ದ ಇಂಥ 35 ಪ್ರಯೋಗಗಳನ್ನು ಜಾಲಾಡಿದರು. ನೋವು, ಪೆಟ್ಟುಗಳಿಗೆ ಅಲ್ಟ್ರಾಸೌಂಡ್ ಬಳಸಿದ ಪ್ರಯೋಗಗಳವು. ವಿಧಾನ ಒಪ್ಪುವಂತಿದ್ದದ್ದು 10ರಲ್ಲಿ ಮಾತ್ರ. ಆ 10ರ ಪೈಕಿ 8ರಲ್ಲಿ ನಿಜವಾದ ಯಂತ್ರ ಸುಳ್ಳು ಯಂತ್ರಕ್ಕಿಂತ ಮೇಲು ಎಂದು ಕಂಡುಬರಲಿಲ್ಲ. ಇದು ಪ್ರಕಟವಾದದ್ದು ಫಿಸಿಯೋಥೆರಪಿಯನ್ನು ಟೀಕಿಸುವವರ ಪತ್ರಿಕೆಯಲ್ಲಿ ಅಲ್ಲ, ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘದ್ದೇ ಪತ್ರಿಕೆಯಲ್ಲಿ. ತಮ್ಮ ಕೈಯಲ್ಲಿದ್ದ ಉಪಕರಣವನ್ನು ತಾವೇ ತಕ್ಕಡಿಗೆ ಹಾಕಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಅದಕ್ಕೂ ಮುಂಚೆ, 1999ರಲ್ಲಿ, ಸಿಡ್ನಿಯ ಫಿಸಿಯೋಥೆರಪಿಸ್ಟರು ‘ಪೆಡ್ರೊ’ ಎಂಬ ಉಚಿತ ಮಾಹಿತಿಕೋಶ ತೆರೆದಿದ್ದರು. ಅಲ್ಲಿ ಪ್ರತಿ ಪ್ರಯೋಗಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಯಾರು ಮಾಡಿದ್ದು ಎಂಬುದಕ್ಕಲ್ಲ, ಹೇಗೆ ಮಾಡಿದ್ದು ಎಂಬುದಕ್ಕೆ. 2014ರಲ್ಲಿ ಅದೇ ಅಮೆರಿಕದ ಸಂಘ, ರೋಗಿ ಸುಮ್ಮನೆ ಮಲಗಿ ಪಡೆಯುವ ಇಂಥ ಚಿಕಿತ್ಸೆಗಳನ್ನು ವ್ಯಾಯಾಮಕ್ಕೆ ನೆರವಾಗಲು ಅಗತ್ಯವಿದ್ದರಷ್ಟೇ ಬಳಸಿ ಎಂದು ತನ್ನ ಸದಸ್ಯರಿಗೆ ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಖಡಾಖಂಡಿತ: ಸೊಂಟನೋವಿಗೆ ಅಲ್ಟ್ರಾಸೌಂಡ್, ಟೆನ್ಸ್, ಐಎಫ್‌ಟಿ, ಟ್ರಾಕ್ಷನ್, ಬೆಲ್ಟ್ ಬೇಡ.

ಹಾಗಾದರೆ ಯಂತ್ರಗಳು ಇನ್ನೂ ಏಕಿವೆ? ಪ್ಯಾಡ್ ಅಂಟಿಸಿದರೆ ಹದಿನೈದು ನಿಮಿಷ ಕಳೆಯುತ್ತದೆ, ವ್ಯಾಯಾಮ ಕಲಿಸಲು ಪಕ್ಕದಲ್ಲೇ ನಿಲ್ಲಬೇಕು. ನಮ್ಮದೂ ಪಾಲಿದೆ. ‘ಏನೂ ಇಡಲಿಲ್ಲ, ಬರೀ ಎಕ್ಸರ್‌ಸೈಜ್ ಮಾಡಿಸಿ ದುಡ್ಡು ತಗೊಂಡ್ರು’ ಎಂದು ಗೊಣಗುವವರು ನಾವೇ ತಾನೆ?

ವ್ಯಾಯಾಮವೇನೂ ಮಂತ್ರದಂಡವಲ್ಲ. ಅದೇ ತಕ್ಕಡಿಯಲ್ಲಿ ತೂಗಿದಾಗ, ಬಹುಕಾಲದ ಬೆನ್ನುನೋವಿಗೆ ಅದರಿಂದ ಸಿಗುವ ಲಾಭ ಸಾಧಾರಣ. ಆದರೂ ಅದು ತೂಕಕ್ಕೆ ಬಂತು, ಅಲ್ಟ್ರಾಸೌಂಡ್ ಬರಲಿಲ್ಲ.

ಮುಂದಿನ ಸಲ ಹೋದಾಗ, ‘ಇದರಿಂದ ಏನಾಗುತ್ತೆ? ಮನೆಯಲ್ಲಿ ನಾನು ಮಾಡಬೇಕಾದ್ದೇನು?’ ಎಂದು ಕೇಳಿ. ಒಳ್ಳೆಯ ಫಿಸಿಯೋಥೆರಪಿಸ್ಟ್‌ಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಆದರೆ ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅಥವಾ ಜ್ವರ ಬಂದರೆ ಯಂತ್ರ, ವ್ಯಾಯಾಮ ಎರಡನ್ನೂ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ ವೈದ್ಯರನ್ನು ಕಾಣಿ.