ಕಣ್ಣಿನ ಪೊರೆ ಮತ್ತು ಮನೆತನದ ಬಳುವಳಿ

ಕಣ್ಣಿಗೆ ಪೊರೆ ಬಂದೊಡನೆ ಹಿರಿಯರು ಆಡುವ ಮಾತುಗಳು ಎರಡು: ‘ವಯಸ್ಸಾಯಿತು’ ಎಂಬುದೊಂದು, ‘ಇದು ನಮ್ಮ ಮನೆತನಕ್ಕೇ ಬಂದದ್ದು’ ಎಂಬುದಿನ್ನೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಕೈಕಟ್ಟಿ ಕುಳಿತುಕೊಳ್ಳಲು ನೆಪವಾಗಬಾರದು.

ಕಣ್ಣಿನ ಮಸೂರವು ಕ್ರಿಸ್ಟಲಿನ್ ಎಂಬ ಪ್ರೋಟೀನುಗಳಿಂದ ತುಂಬಿದೆ. ಅದರ ನಡುವಿನ ತಂತುಗಳು ಶಿಶು ಹುಟ್ಟುವ ಮೊದಲೇ ರಚನೆಗೊಂಡು, ಜೀವಮಾನವಿಡೀ ಹಾಗೆಯೇ ಉಳಿಯುತ್ತವೆ. ಕಾಲಕ್ರಮದಲ್ಲಿ ಈ ಪ್ರೋಟೀನುಗಳು ಕೆಟ್ಟು ಗಂಟುಗಟ್ಟಿದಾಗ ಬೆಳಕು ಚದರಿ ದೃಷ್ಟಿ ಮಸುಕಾಗುತ್ತದೆ. ಅವುಗಳ ರಚನೆಯನ್ನು ನಿರ್ಧರಿಸುವುದು ತಂದೆತಾಯಿಗಳಿಂದ ಬಂದ ವಂಶವಾಹಿಗಳು.

ಬ್ರಿಟನ್ನಿನಲ್ಲಿ 506 ಜೊತೆ ಅವಳಿ ಸ್ತ್ರೀಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮಸೂರದ ನಡುಭಾಗದ ಪೊರೆಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಂಡ ವ್ಯತ್ಯಾಸದ ಶೇಕಡಾ 48 ಭಾಗ ವಂಶಗುಣಕ್ಕೂ, 38 ಭಾಗ ವಯಸ್ಸಿಗೂ, 14 ಭಾಗ ಪರಿಸರಕ್ಕೂ ಸಲ್ಲುವುದೆಂದು ಅದು ತಿಳಿಸಿತು. ಇದು ಒಂದು ಸಮೂಹದ ಲೆಕ್ಕವೇ ಹೊರತು ಒಬ್ಬರ ಹಣೆಬರಹವಲ್ಲ. ಧೂಮಪಾನ, ಹತೋಟಿಯಲ್ಲಿಲ್ಲದ ಮಧುಮೇಹ, ಬಹುಕಾಲ ಸೇವಿಸುವ ಸ್ಟೀರಾಯ್ಡ್ ಔಷಧಿಗಳು ಪೊರೆಯನ್ನು ಬೇಗ ಕರೆತರಬಲ್ಲವು. ಪಿತ್ರಾರ್ಜಿತವಾಗಿ ಬಂದ ಸಾಲವನ್ನು ಅಳಿಸಲಾಗದಿದ್ದರೂ, ಅದರ ಮೇಲೆ ಹೊಸ ಸಾಲ ಮಾಡದಿರುವುದು ಮನುಷ್ಯನ ಕೈಯಲ್ಲಿದೆ.

ಹಸುಳೆಗಳ ಪೊರೆಯ ವಿಷಯ ಇನ್ನೂ ಗಂಭೀರವಾದುದು. ಗರ್ಭಿಣಿಗೆ ತಗಲಿದ ರುಬೆಲ್ಲಾ ಸೋಂಕಿನಂತೆಯೇ ಒಂದೇ ವಂಶವಾಹಿಯ ದೋಷವೂ ಅದಕ್ಕೆ ಕಾರಣವಾಗಬಲ್ಲದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸಿದಲ್ಲಿ, ಹಿರಿಯರಿಂದ ಬಂದ ಒಂದೇ ಗುಪ್ತದೋಷವು ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಕೂಸಿನ ಕಣ್ಣಪಾಪೆಯಲ್ಲಿ ಬಿಳುಪು ಕಂಡರೆ ಒಡನೆಯೇ ನೇತ್ರವೈದ್ಯರಿಗೆ ತೋರಿಸಬೇಕು. ತಡವಾದರೆ ಮೆದುಳು ನೋಡುವುದನ್ನು ಕಲಿಯುವ ಕಾಲವೇ ಮೀರಿಹೋಗುತ್ತದೆ.

ಊರಿನ ತುಂಬುಮನೆಯಲ್ಲಿ ಅಜ್ಜಿಗೆ ಎಂದು ಪೊರೆ ಬಂದಿತೆಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಡಾ. ಎಂ. ಸಿ. ಮೋದಿಯವರ ನೇತ್ರಶಿಬಿರದಲ್ಲಿ ಕಣ್ಣು ಪಡೆದವರ ಕಥೆಯನ್ನು ಮಕ್ಕಳು ಕೇಳಿ ಬೆಳೆಯುತ್ತಿದ್ದರು. ಮುಂಬಯಿ, ದೆಹಲಿಗಳ ಎರಡು ಕೋಣೆಯ ಮನೆಯಲ್ಲಿ ಬೆಳೆದವರಿಗೆ ಈ ಅರಿವಿಲ್ಲ. ‘ಮನೆಯಲ್ಲಿ ಯಾರಿಗಾದರೂ ಇತ್ತೇ?’ ಎಂದು ವೈದ್ಯರು ಕೇಳಿದರೆ ಅವರು ಮೌನವಾಗುತ್ತಾರೆ. ರಜೆಗೆ ಊರಿಗೆ ಹೋದವರು ಹಪ್ಪಳ ಉಪ್ಪಿನಕಾಯಿಗಳೊಡನೆ ಈ ವಿವರವನ್ನೂ ಬರೆದು ತರಲಿ: ಯಾರಿಗೆ, ಯಾವ ವಯಸ್ಸಿನಲ್ಲಿ ಪೊರೆ ಬಂದಿತು ಎಂದು.

ಪೊರೆಯು ವಂಶದಿಂದ ಬಂದುದಾದರೂ, ವಯಸ್ಸಿನಿಂದ ಬಂದುದಾದರೂ, ವೃದ್ಧರಿಗೆ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಮನೆತನದ ಹೆಸರು ಹೇಳಿ ಕತ್ತಲಲ್ಲಿ ಕೂರುವುದು ಯಾವ ಹಿರಿಯರಿಗೂ ತಕ್ಕುದಲ್ಲ.